ಮೂವತ್ತೇಳನೆಯ ಕೋಲು

ಮಂಗಳ ಗ್ರಹದ ಉತ್ತರ ಧ್ರುವದಲ್ಲಿ ಎಷ್ಟು ಹಿಮವಿದೆ ಎಂದು ಅಳೆಯುವುದು ನಮ್ಮ ಅತ್ತೆಯ ಕೆಲಸ. ಅವರು ಅಳೆದದ್ದು ಸರಿಯಾಗಿದೆಯೇ ಎಂದು ಇಲ್ಲಿ ಭೂಮಿಯ ಮೇಲೆ ಕೂತು ನೋಡುವುದು ನನ್ನ ಕೆಲಸ. ಅಳಿಯನಾದವನಿಗೆ ಇದಕ್ಕಿಂತ ಅಪಾಯದ ಉದ್ಯೋಗ ಇನ್ನೊಂದಿರಲಾರದು. ಐದು ವರ್ಷ ನಾನದನ್ನು ಬಹಳ ಜಾಣತನದಿಂದ ಮಾಡಿಕೊಂಡು ಬಂದೆ. ಅಂದರೆ ಒಮ್ಮೆಯೂ ತಪ್ಪು ಹಿಡಿಯಲಿಲ್ಲ. ಹಿಡಿಯಲು ತಪ್ಪೇ ಇರಲಿಲ್ಲ ಎನ್ನುವುದು ಬೇರೆ ಮಾತು.

ಅತ್ತೆಯ ಹೆಸರು ಡಾಕ್ಟರ್ ಪುಟ್ಟತಾಯಮ್ಮ. ವಯಸ್ಸು ಐವತ್ತೇಳು. ಮಂಗಳದ ಉತ್ತರ ಠಾಣೆಯಲ್ಲಿರುವ ನಾಲ್ಕು ಜನರಲ್ಲಿ ಅವರೇ ಹಿರಿಯರು. ಠಾಣೆಯ ಆಚೆ ಅರ್ಧ ಕಿಲೋಮೀಟರಿಗೊಂದರಂತೆ ಮೂವತ್ತಾರು ಬಿಳಿ ಕೋಲುಗಳನ್ನು ಸಾಲಾಗಿ ನೆಟ್ಟಿದ್ದಾರೆ. ಪ್ರತಿ ಕೋಲಿನ ಮೇಲೂ ಸೆಂಟಿಮೀಟರಿನ ಗೆರೆಗಳು. ಹತ್ತು ದಿನಕ್ಕೊಮ್ಮೆ ಅತ್ತೆ ಬಂಡಿಯಲ್ಲಿ ಹೋಗಿ, ಪ್ರತಿ ಕೋಲಿನ ಬಳಿಯೂ ಇಳಿದು, ಹಿಮ ಎಲ್ಲಿಗೆ ಮುಟ್ಟಿದೆ ಎಂದು ಓದಿ ಬರೆದುಕೊಳ್ಳುತ್ತಾರೆ. ಇಷ್ಟೇ ಕೆಲಸ. ಮೂವತ್ತಾರು ಕೋಲಿನಿಂದ ಇಡೀ ಧ್ರುವ ಗೊತ್ತಾಗುತ್ತದೆಯೇ ಎಂದು ಕೇಳುವವರಿಗೆ ಅತ್ತೆಯ ಉತ್ತರ ಸಿದ್ಧವಿತ್ತು. ಅನ್ನ ಬೆಂದಿದೆಯೇ ನೋಡಲು ಒಂದಗುಳು ಹಿಚುಕಿದರೆ ಸಾಕು, ಇಡೀ ಪಾತ್ರೆಗೆ ಕೈ ಹಾಕಬೇಕಾಗಿಲ್ಲ.

ಅಲ್ಲಿನ ಹಿಮ ನಮ್ಮ ಫ್ರಿಜ್ಜಿನ ಹಿಮವಲ್ಲ. ಅದು ಗಾಳಿ. ಮಂಗಳದ ಗಾಳಿಯೆಲ್ಲ ಹೆಚ್ಚುಕಡಿಮೆ ಕಾರ್ಬನ್ ಡೈಆಕ್ಸೈಡ್. ಚಳಿಗಾಲದಲ್ಲಿ ಧ್ರುವದ ಕಡೆ ತಿಂಗಳುಗಟ್ಟಲೆ ಸೂರ್ಯ ಮುಖ ತೋರಿಸುವುದಿಲ್ಲ. ಚಳಿ ಸೊನ್ನೆಗಿಂತ ನೂರಿಪ್ಪತ್ತೈದು ಡಿಗ್ರಿ ಕೆಳಗಿಳಿದಾಗ ಗಾಳಿಯೇ ಹೆಪ್ಪುಗಟ್ಟಿ ನೆಲಕ್ಕೆ ಬಿದ್ದು ಸೊಂಟದೆತ್ತರಕ್ಕೆ ಕೂರುತ್ತದೆ. ವಸಂತದಲ್ಲಿ ಬಿಸಿಲು ಬಂದ ಮೇಲೆ ಅದು ನೀರಾಗುವುದಿಲ್ಲ. ಕರ್ಪೂರದ ಹಾಗೆ ನೇರವಾಗಿ ಗಾಳಿಯಾಗಿ ಎದ್ದು ಹೋಗುತ್ತದೆ. ಆದ್ದರಿಂದ ಧ್ರುವದಲ್ಲಿ ಎಷ್ಟು ಹಿಮ ಉಳಿದಿದೆ ಎಂದು ತಿಳಿದರೆ, ಇನ್ನು ಮೂವತ್ತು ದಿನಕ್ಕೆ ಇಡೀ ಗ್ರಹದ ಗಾಳಿ ಎಷ್ಟು ದಪ್ಪವಾಗುತ್ತದೆ ಎಂದು ಹೇಳಬಹುದು.

ಅದನ್ನು ಹೇಳಲೇಬೇಕಾದ ಕಾರಣವೂ ಇತ್ತು. ಭೂಮಿಯಿಂದ ಹೋದ ಹಡಗು ಮಂಗಳದಲ್ಲಿ ಇಳಿಯುವುದು ಆ ಗಾಳಿಯನ್ನೇ ಬ್ರೇಕು ಮಾಡಿಕೊಂಡು. ಗಾಳಿ ಸಾಲದಿದ್ದರೆ ಬ್ರೇಕು ಹಿಡಿಯುವುದಿಲ್ಲ, ಪ್ಯಾರಾಚೂಟು ಬಿಚ್ಚಿಕೊಳ್ಳುವಷ್ಟರಲ್ಲಿ ನೆಲ ಬಂದಿರುತ್ತದೆ. ಮೇಲಿನ ಕಕ್ಷೆಯಲ್ಲಿ ಹಡಗು ಎರಡು ಮೂರು ತಿಂಗಳು ಸುತ್ತಿಕೊಂಡಿರಬಹುದು. ಒಮ್ಮೆ ಕೆಳಗಿನ ಕಕ್ಷೆಗೆ ಇಳಿಸಿದರೆ ಮತ್ತೆ ಏರಿಸುವಷ್ಟು ಇಂಧನವಿಲ್ಲ. ಅಲ್ಲಿಂದ ಇಪ್ಪತ್ತು ದಿನದೊಳಗೆ ನೆಲ ಮುಟ್ಟಲೇಬೇಕು. ಹಿಂದೆ ಮೇಲಿನಿಂದ ಲೇಸರ್ ಬಿಟ್ಟು ಹಿಮ ಅಳೆಯುವ ಉಪಗ್ರಹವೊಂದಿತ್ತು. ಅದು ಎರಡು ವರ್ಷದ ಕೆಳಗೆ ಕಣ್ಣು ಮುಚ್ಚಿತು. ಹೊಸದು ಇನ್ನೂ ಭೂಮಿಯಲ್ಲೇ ತಯಾರಾಗುತ್ತಿತ್ತು. ಹೀಗಾಗಿ ಈ ವಸಂತದಲ್ಲಿ ಹಡಗನ್ನು ಎಂದು ಇಳಿಸಬೇಕು ಎಂದು ಹೇಳಲು ಇದ್ದದ್ದು ಅತ್ತೆಯ ಕೋಲುಗಳು ಮಾತ್ರ.

ಹಡಗಿನಲ್ಲಿ ಒಂಬತ್ತು ಜನರಿದ್ದರು. ಅವರಲ್ಲಿ ಒಬ್ಬಳು ನನ್ನ ಹೆಂಡತಿ ಶಿಂಷಾ. ತಾಯಿಯಿಂದ ಕೋಲುಗಳನ್ನು ವಹಿಸಿಕೊಳ್ಳಲು ಹೋಗುತ್ತಿದ್ದಳು. ಅವಳು ಇಳಿದರೆ ಅತ್ತೆ ಅದೇ ಹಡಗಿನಲ್ಲಿ ಮುಂದಿನ ವರ್ಷ ಮನೆಗೆ ಹೊರಡುವುದೆಂದು ಏರ್ಪಾಡಾಗಿತ್ತು.

ಮದ್ದೂರಿನ ಮನೆಯಲ್ಲಿ ಉಳಿದವರು ನಾನು ಮತ್ತು ಮಾವ. ಮಾವ ಬೋರೇಗೌಡರು ಬಸ್ ಡಿಪೊದಲ್ಲಿ ಮೂವತ್ತೆರಡು ವರ್ಷ ಮೆಕ್ಯಾನಿಕ್ ಆಗಿದ್ದವರು. ಇಬ್ಬರ ಹೆಂಡತಿಯರೂ ಒಂದೇ ಗ್ರಹಕ್ಕೆ ಹೋದ ಗಂಡಸರು ಈ ಜಿಲ್ಲೆಯಲ್ಲಿ ಬೇರೆ ಯಾರೂ ಇಲ್ಲದ್ದರಿಂದ ನಮ್ಮನ್ನು ಬೀದಿಯವರು ಕರುಣೆಯಿಂದ ನೋಡುತ್ತಿದ್ದರು. ಮಾವ ಮುದ್ದೆ ಚೆನ್ನಾಗಿ ತೊಳಸುತ್ತಿದ್ದರು, ಸಾರು ಮಾತ್ರ ದೇವರಿಗೇ ಪ್ರೀತಿ. ನಾನು ಸಾರು ಮಾಡಿದ ದಿನ ಅವರೂ ಹೀಗೇ ಅಂದುಕೊಳ್ಳುತ್ತಿದ್ದಿರಬೇಕು. ಒಬ್ಬರನ್ನೊಬ್ಬರು ಆಡಿಕೊಳ್ಳದೆ ಉಂಡು ಏಳುತ್ತಿದ್ದೆವು.

ಮೇಲಿನ ಕಕ್ಷೆ ತಲುಪಿದ ಹಡಗಿನಿಂದ ಶಿಂಷಾ ದಿನಕ್ಕೊಂದು ಮಾತು ಕಳಿಸುತ್ತಿದ್ದಳು. "ಕಿಟಕೀಲಿ ಅಮ್ಮನ ಹಿಮ ಕಾಣ್ತದೆ ಕಣ್ರೀ. ಬೆಳ್ಳಗೆ, ಅಗಸೇರು ಒಣಹಾಕಿದ ಪಂಚೆ ಇದ್ದ ಹಂಗೆ. ಅಪ್ಪ ಔಷಧಿ ತಗೊಂಡ್ರಾ ಕೇಳಿ." ಹದಿನಾಲ್ಕು ನಿಮಿಷ ಹಳೆಯದಾದ ಆ ದನಿಯನ್ನು ಮಾವ ಎರಡು ಸಲ ಕೇಳುತ್ತಿದ್ದರು.

ಹಡಗನ್ನೂ ಠಾಣೆಯನ್ನೂ ನೋಡಿಕೊಳ್ಳುವ ನಮ್ಮ ಕೇಂದ್ರ ಇದ್ದದ್ದು ಊರಿನಿಂದ ಹನ್ನೆರಡು ಕಿಲೋಮೀಟರ್ ಆಚೆ. ಸ್ಕೂಟರಿನಲ್ಲಿ ಹೋಗಿ ಬರುತ್ತಿದ್ದೆ. ನವೆಂಬರಿನ ಆ ವಾರ ಅಲ್ಲಿ ಎಲ್ಲರ ಮುಖದಲ್ಲೂ ಗೆಲುವಿತ್ತು. ಅತ್ತೆ ಕಳಿಸಿದ ಕಳೆದ ನಾಲ್ಕು ಅಳತೆಗಳಲ್ಲಿ ಹಿಮ ಲೆಕ್ಕಕ್ಕಿಂತ ಬೇಗ ಇಳಿಯುತ್ತಿತ್ತು. ಹಿಮ ಬೇಗ ಹೋದರೆ ಗಾಳಿ ಬೇಗ ಬರುತ್ತದೆ, ಹಡಗು ಬೇಗ ಇಳಿಯುತ್ತದೆ. ಇಳಿಸುವ ಕೆಲಸದ ಮುಖ್ಯಸ್ಥರು ಫರ್ನಾಂಡಿಸ್ ಸರ್, ಮಂಗಳೂರಿನವರು, ಸುಮ್ಮಸುಮ್ಮನೆ ನಗುವವರಲ್ಲ. ಅವರೂ ಕ್ಯಾಂಟೀನಿನಲ್ಲಿ ಎಲ್ಲರಿಗೂ ವಡೆ ಹೇಳಿದರು. ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಸಭೆ, ಅಲ್ಲೇ ಹಡಗನ್ನು ಕೆಳಗಿನ ಕಕ್ಷೆಗೆ ಇಳಿಸುವ ಆದೇಶ ಎಂದು ನಿಗದಿಯಾಯಿತು.

ನನಗೆ ಮಾತ್ರ ವಡೆ ರುಚಿಸಲಿಲ್ಲ. ಮಂಗಳದ ತಗ್ಗಿನ ಪ್ರದೇಶದಲ್ಲಿ ನಮ್ಮ ಜನರ ವಸತಿಯಿದೆ, ಅಲ್ಲಿ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಇದೆ. ಒಂದು ಕೊಡದಿಂದ ನೀರು ಸುರಿದರೆ ಇನ್ನೊಂದು ಕೊಡ ತುಂಬಲೇಬೇಕು. ಇಲ್ಲಿ ಹಿಮದ ಕೊಡ ಬರಿದಾಗುತ್ತಿತ್ತು, ಗಾಳಿಯ ಕೊಡ ಆ ಪ್ರಮಾಣದಲ್ಲಿ ತುಂಬುತ್ತಿರಲಿಲ್ಲ. ವ್ಯತ್ಯಾಸ ಸಣ್ಣದು, ಆದರೆ ಹತ್ತು ದಿನಕ್ಕೊಮ್ಮೆ ಬೆಳೆಯುತ್ತಿತ್ತು.

ಬುಧವಾರ ಫರ್ನಾಂಡಿಸ್ ಸರ್ ಮುಂದೆ ಹೋಗಿ ಹೇಳಿದೆ. ಅವರು ಗ್ರಾಫನ್ನು ನೋಡಿ ಕನ್ನಡಕ ತೆಗೆದಿಟ್ಟರು.

"ದಕ್ಷಿಣ ಧ್ರುವವನ್ನು ಮರೆತಿರಾ ಚೆಲುವರಾಜ್? ಉತ್ತರಕ್ಕೆ ವಸಂತ ಬಂದರೆ ದಕ್ಷಿಣಕ್ಕೆ ಚಳಿ ಶುರು. ಇಲ್ಲಿ ಎದ್ದ ಗಾಳಿಯಲ್ಲಿ ಒಂದಿಷ್ಟು ಅಲ್ಲಿ ಹೋಗಿ ಬೀಳುತ್ತದೆ. ಅಲ್ಲಿ ಅಳೆಯುವವರು ಯಾರೂ ಇಲ್ಲ."

"ಅದು ಇಷ್ಟು ಬೇಗ ಶುರುವಾಗಲ್ಲ ಸರ್."

"ಈ ವರ್ಷ ಆಗಿರಬಹುದು. ನಿಮ್ಮ ಅತ್ತೆಯವರು ಐದು ವರ್ಷದಲ್ಲಿ ಒಂದು ಸೆಂಟಿಮೀಟರ್ ತಪ್ಪಿಲ್ಲ. ಕೋಲು ತಪ್ಪಾಗಿದೆ ಎನ್ನಲು ನಿಮ್ಮ ಹತ್ತಿರ ಕಾರಣ ಉಂಟಾ?"

ನನ್ನ ಹತ್ತಿರ ಒಂದು ಕಾರಣವಿತ್ತು. ಬಾಯಿಬಿಟ್ಟು ಹೇಳಲಾರದ ಕಾರಣ. ಮಗಳನ್ನು ಕಂಡು ಐದು ವರ್ಷವಾದ ತಾಯಿ. ಮಗಳು ತಲೆಯ ಮೇಲೇ ಸುತ್ತುತ್ತಿದ್ದಾಳೆ. ಹಿಮ ಎಂಬತ್ತಾರಕ್ಕೂ ಎಂಬತ್ತೇಳಕ್ಕೂ ನಡುವೆ ಇದ್ದಾಗ ಅಂಥ ಕಣ್ಣಿಗೆ ಎಂಬತ್ತಾರೇ ಕಂಡರೆ ಅದನ್ನು ಸುಳ್ಳು ಎನ್ನಲಾದೀತೇ? ಹೀಗೆ ಯೋಚಿಸಿದ್ದಕ್ಕೆ ನನಗೆ ಈಗಲೂ ನಾಚಿಕೆಯಿದೆ. ಆದರೆ ಆ ದಿನ ಹಾಗೆಯೇ ಯೋಚಿಸಿದೆ.

ಗುರುವಾರ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದೆ. ಮಾವ ಮುದ್ದೆ ಬಡಿಸಿದರು. ನಾನು ಎರಡು ತುತ್ತು ನುಂಗಿ ಮೂರನೆಯದನ್ನು ತಟ್ಟೆಯಲ್ಲೇ ಉರುಳಿಸುತ್ತಿದ್ದೆ.

"ಯಾಕ್ ಅಳಿಯಂದ್ರೆ, ಸಾರು ಇವತ್ತೂ ಹಂಗೇ ಆಯ್ತಾ?"

"ಸಾರಲ್ಲ ಮಾವ. ಅತ್ತೆಗೆ ಮಗಳನ್ನ ನೋಡೋ ಆಸೆ ಜಾಸ್ತಿಯಾಗಿ, ಅಳತೆ ಒಂಚೂರು ಹೆಚ್ಚು ಕಮ್ಮಿ ಆಗ್ತಿದೆಯೇನೋ ಅಂತ."

ಮಾವ ಸೌಟು ಕೆಳಗಿಟ್ಟರು. ಅವರಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ.

"ನೋಡಿ, ಅವ್ಳು ಒಂದು ಗೆರೆ ಅತ್ಲಾಗಿ ಇತ್ಲಾಗಿ ಬರೆಯೋ ಪೈಕಿ ಅಲ್ಲ. ನಮ್ಮ ಮದುವೇಲಿ ವಯಸ್ಸು ಒಂದು ವರ್ಷ ಕಮ್ಮಿ ಬರೆಸಿ ಅಂದ್ರೆ ಒಪ್ಪನಿಲ್ಲ. ಆ ಕೋಲುಗಳು ಅಂದ್ರೆ ಅವ್ಳಿಗೆ ದೇವ್ರು. ಈ ಸಲ ಆಯುಧಪೂಜೇಲಿ ಮೂವತ್ತಾರು ಕೋಲಿಗೂ ಅರಿಶಿನ ಕುಂಕುಮ ಇಟ್ಟು ಕೈ ಮುಗ್ದವ್ಳೆ. ಎರಡು ದಿನ ಹಿಡೀತಂತೆ. ಅಂಥೋಳು ಸುಳ್ಳು ಅಳೀತಾಳಾ?"

"ಮೂವತ್ತಾರು ಕೋಲಿಗೂ?"

"ಪ್ರತಿ ವರ್ಷ ಮೊದಲ್ನೇ ಕೋಲಿಗೆ ಮಾತ್ರ ಒಂದು ಬೊಟ್ಟು ಇಡೋಳು. ನಾನೇ ಹೇಳ್ದೆ, ಈ ಸಲ ಮಗು ಬತ್ತಾ ಅದೆ, ಆ ಕೋಲು ನೋಡ್ಕಂಡೇ ಅವಳನ್ನ ಇಳಿಸೋದು, ಎಲ್ಲಕ್ಕೂ ಇಟ್ಬುಡು ಅಂತ. ಡಬ್ಬಿ ಪೂರ್ತಿ ಖಾಲಿ ಆಯ್ತಂತೆ. ಹೋಗ್ಲಿ, ಶಿಂಷಾ ಕೈಲಿ ಅರ್ಧ ಕೆಜಿ ಕಟ್ಟಿ ಕಳ್ಸಿವ್ನಿ, ಬತ್ತದೆ ಅಂದೆ."

ಡಬ್ಬಿ ಪೂರ್ತಿ ಖಾಲಿ. ನಾನು ಕೈ ತೊಳೆಯದೆ ಹಾಗೆಯೇ ಕೂತೆ. ಮೂವತ್ತಾರು ಬೊಟ್ಟಿಗೆ ಇಡೀ ಡಬ್ಬಿ ಯಾಕೆ ಬೇಕು? ಇಲ್ಲಿ ನಾವು ಕುಂಕುಮವನ್ನು ನೀರಿನಲ್ಲಿ ಕಲಸಿ ಹಚ್ಚುತ್ತೇವೆ. ಅಲ್ಲಿನ ತೆಳು ಗಾಳಿಯಲ್ಲಿ ನೀರು ನಿಲ್ಲುವುದಿಲ್ಲ. ಒಣ ಪುಡಿಯನ್ನೇ ದಪ್ಪ ಗ್ಲೌಸಿನ ಕೈಯಲ್ಲಿ ಒತ್ತಿರಬೇಕು. ಬೊಟ್ಟು ನಿಂತಿರುವುದಿಲ್ಲ, ಮತ್ತೆ ಒತ್ತಿರುತ್ತಾರೆ, ಮತ್ತೆ ಉದುರಿರುತ್ತದೆ. ಉದುರಿದ್ದೆಲ್ಲ ಕೋಲಿನ ಬುಡದ ಹಿಮದ ಮೇಲೆ.

ಬಿಳಿ ಹಿಮ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಅದರ ಮೇಲೆ ಬಣ್ಣದ ಪುಡಿ ಬಿದ್ದರೆ ಪುಡಿ ಬಿಸಿಲು ಕುಡಿದು ಕಾಯುತ್ತದೆ, ಕೆಳಗಿನ ಹಿಮ ಬೇಗ ಹಾರುತ್ತದೆ. ಕೋಲಿನ ಸುತ್ತ ಕುಳಿ ಬೀಳುತ್ತದೆ. ಓದುವುದು ಆ ಕುಳಿಯಲ್ಲೇ, ಯಾಕೆಂದರೆ ನಮ್ಮ ಕೈಪಿಡಿಯಲ್ಲಿ ಹಾಗೆಯೇ ಬರೆದಿದೆ: ಹಿಮ ಕೋಲನ್ನು ಮುಟ್ಟುವ ಕಡೆ ಓದಬೇಕು. ಕೋಲೇ ಸ್ವಲ್ಪ ಕಾಯುವುದರಿಂದ ಎರಡು ಸೆಂಟಿಮೀಟರ್ ಕುಳಿ ಪ್ರತಿ ವಸಂತದಲ್ಲೂ ಆಗುತ್ತಿತ್ತು, ಅದನ್ನು ಲೆಕ್ಕದಲ್ಲಿ ಸರಿಪಡಿಸುತ್ತಿದ್ದೆವು. ಹಾಗಾಗಿ ಕುಳಿ ಕಂಡರೂ ಅತ್ತೆಗೆ ಅನುಮಾನ ಬಂದಿರಲಾರದು. ಆ ಭಾರದ ಉಡುಪಿನಲ್ಲಿ ಮಂಡಿಯೂರುವುದು ಕಷ್ಟ, ನಿಂತೇ ಬಗ್ಗಿ ನೋಡುವವರಿಗೆ ಕುಳಿಯ ಆಳ ತಿಳಿಯುವುದೂ ಇಲ್ಲ. ಇನ್ನು ಬಣ್ಣ? ಊರೆಲ್ಲ ಕೆಂಪು ಧೂಳಿರುವ ಗ್ರಹದಲ್ಲಿ ಒಂದು ಚಿಟಿಕೆ ಕುಂಕುಮ ಯಾರ ಕಣ್ಣಿಗೆ ಬೀಳಬೇಕು?

ಹಿಂದಿನ ವರ್ಷಗಳಲ್ಲಿ ಯಾಕೆ ಹೀಗಾಗಲಿಲ್ಲ ಎಂದರೆ ಅದಕ್ಕೂ ಉತ್ತರ ಸಿಕ್ಕಿತು. ನಮ್ಮ ವರ್ಷ ಮುನ್ನೂರರವತ್ತೈದು ದಿನ, ಮಂಗಳದ್ದು ಆರುನೂರ ಎಂಬತ್ತೇಳು. ಅತ್ತೆ ಆಯುಧಪೂಜೆ ಮಾಡುವುದು ಮದ್ದೂರಿನ ಪಂಚಾಂಗ ನೋಡಿ. ಒಂದು ವರ್ಷ ಹಬ್ಬ ಅಲ್ಲಿನ ಕತ್ತಲಲ್ಲಿ ಬರುತ್ತಿತ್ತು, ಬಿಸಿಲೇ ಇಲ್ಲ. ಇನ್ನೊಂದು ವರ್ಷ ಬೇಸಿಗೆಯಲ್ಲಿ, ಹಿಮವೇ ಇಲ್ಲ. ಈ ವರ್ಷ ಸೂರ್ಯ ಹುಟ್ಟಿ ಹತ್ತನೆಯ ದಿನಕ್ಕೆ ಬಂತು. ಜೊತೆಗೆ ಒಂದು ಕೋಲಿನ ಬದಲು ಮೂವತ್ತಾರು.

ನಾನು ಮಾವನಿಗೆ ಏನೂ ಹೇಳದೆ ಎದ್ದು ಫ್ರಿಜ್ಜಿನ ಮೇಲಿನ ಬಾಗಿಲು ತೆಗೆದೆ. ಅದು ಹಳೆಯ ಫ್ರಿಜ್ಜು, ಒಳಗೆ ಗೇಣುದ್ದ ಹಿಮ ಕಟ್ಟಿತ್ತು. ದೋಸೆ ಮಗುಚುವ ಕೈಯಿಂದ ಒಂದು ದೊಡ್ಡ ಚಕ್ಕೆ ಎಬ್ಬಿಸಿ, ತಟ್ಟೆಯಲ್ಲಿಟ್ಟು, ದೇವರ ಗೂಡಿನಿಂದ ಚಿಟಿಕೆ ಕುಂಕುಮ ತಂದು ಒಂದು ಕಡೆ ಉದುರಿಸಿ ತಾರಸಿಯ ಬಿಸಿಲಿಗೆ ಒಯ್ದೆ. ಇದು ವಿಜ್ಞಾನವೇನಲ್ಲ. ಮದ್ದೂರಿನ ಬಿಸಿಲಿಗೆ ಏನಿಟ್ಟರೂ ಕರಗುತ್ತದೆ. ಆದರೂ ಕಣ್ಣಾರೆ ನೋಡಬೇಕೆನ್ನಿಸಿತು. ಮಾವ ಹಿಂದೆಯೇ ಮೆಟ್ಟಿಲು ಹತ್ತಿ ಬಂದು ತಟ್ಟೆಯ ಎದುರು ಕುಕ್ಕರಗಾಲಲ್ಲಿ ಕೂತರು.

ಸ್ವಲ್ಪ ಹೊತ್ತಿಗೆ ಕುಂಕುಮ ಬಿದ್ದ ಕಡೆ ಹಿಮ ತಗ್ಗಾಯಿತು. ಕೆಂಪು ಪುಡಿ ತಾನು ಮಾಡಿದ ಗುಂಡಿಯಲ್ಲಿ ತಾನೇ ಇಳಿದು ಕೂತಿತ್ತು. ಮೂವತ್ತೆರಡು ವರ್ಷ ಇಂಜಿನ್ನಿನ ಸದ್ದು ಕೇಳಿ ರೋಗ ಹೇಳಿದ ಮನುಷ್ಯ. ಅವರಿಗೆ ನಾನು ವಿವರಿಸಬೇಕಾಗಲಿಲ್ಲ.

"ಹಿಮ ಇಲ್ಲ ಅಂತ ಕೋಲು ಹೇಳ್ತದೆ," ಎಂದರು ಮಾವ. "ಹಿಮ ಅದೆ. ಹಂಗಲ್ವಾ?"

"ಹೌದು ಮಾವ."

"ನಾಳೆ ಇಳಿಸ್ಬುಟ್ರೆ?"

ಕೇಳುತ್ತಲೇ ಮಾವ ಗುಂಡಿಗೆ ಬೆರಳು ಹಾಕಿ ಆಳ ನೋಡಿದರು. ಬೆರಳ ತುದಿಯ ಕೆಂಪನ್ನು ಪಂಚೆಗೆ ಒರೆಸಿಕೊಂಡರು. ಮತ್ತೆ ಒರೆಸಿಕೊಂಡರು. "ನಾನೇ ಹೇಳಿದ್ದು ಅಳಿಯಂದ್ರೆ. ಅವ್ಳು ಬ್ಯಾಡ ಅಂದ್ಲು, ಅಷ್ಟು ದೂರ ಹೋಗೋದು ಸುಮ್ನೆ ಅಂದ್ಲು. ನಾನೇ ಹಟ ಮಾಡ್ದೆ."

ಆ ಮನುಷ್ಯನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಮಗಳು ಸುಖವಾಗಿ ಇಳಿಯಲಿ ಎಂದು ಮಾಡಿಸಿದ ಪೂಜೆ.

ನಾನು ಆಗಲೇ ಕೇಂದ್ರಕ್ಕೆ ಓಡಿ ಫರ್ನಾಂಡಿಸ್ ಸರ್‌ಗೆ ಹೇಳಬೇಕಿತ್ತು. ಹೇಳಲಿಲ್ಲ. ಮೊದಲು ಖಾತ್ರಿಯಾಗಲಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಏನೆಂದರೆ ಹೆದರಿದೆ. ಐದು ವರ್ಷ ಒಂದು ಗೆರೆ ತಪ್ಪದ ಹೆಂಗಸು, ಅವರ ಹೆಸರಿನ ಮುಂದೆ ಕುಂಕುಮದ ಡಬ್ಬಿ ಇಡುವ ಕೆಲಸ ಅಳಿಯನಾದ ನನ್ನ ಪಾಲಿಗೆ ಬಂದಿತ್ತು. ಆದ್ದರಿಂದ ಮನೆಯ ಸಂಪರ್ಕದಲ್ಲಿ, ಹಬ್ಬ ಹರಿದಿನದ ಮಾತಾಡಲು ಕೊಟ್ಟಿರುವ ಸಾಲಿನಲ್ಲಿ, ಅತ್ತೆಗೆ ಒಂದು ಸಂದೇಶ ರೆಕಾರ್ಡ್ ಮಾಡಿದೆ. ಮೂರು ಸಲ ಅಳಿಸಿ ನಾಲ್ಕನೆಯ ಸಲ ಹೇಳಿದ್ದು ಇಷ್ಟು.

"ಅತ್ತೆ, ನಮಸ್ಕಾರ. ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಕೋಲಿನ ಬುಡದಲ್ಲಿ ಕುಂಕುಮ ಉದುರಿದೆಯಾ ನೋಡಿ. ಕೋಲಿನಿಂದ ಒಂದು ಮಾರು ಆಚೆ ಹೋಗಿ, ಸರಳು ಚುಚ್ಚಿ, ಹಿಮ ಅಲ್ಲಿ ಎಷ್ಟಿದೆ ಅಳೀರಿ. ನಾಳೆ ನಮ್ಮ ಹನ್ನೊಂದು ಗಂಟೆಯೊಳಗೆ ಗೊತ್ತಾಗಬೇಕು."

ಮಾವ ಮೈಕಿನ ಹತ್ತಿರ ಬಾಗಿದರು. "ಪುಟ್ಟೀ, ತಪ್ಪು ನಂದು. ನಿಂದಲ್ಲ," ಎಂದು ಹೇಳಿ ಹಿಂದೆ ಸರಿದರು.

ಅರ್ಧ ಗಂಟೆಯಾಯಿತು. ಒಂದು ಗಂಟೆಯಾಯಿತು. ಉತ್ತರವಿಲ್ಲ. ಸಂಜೆಯಾಯಿತು. ಶಿಂಷಾಳ ಮಾತು ಮಾತ್ರ ಬಂತು: ನಾಳೆ ಇಳಿಸ್ತಾರಂತೆ, ಚೀಲ ಕಟ್ಟಿಟ್ಟಿದೀನಿ, ಅಪ್ಪ ಕೊಟ್ಟ ಪೊಟ್ಟಣ ಮೇಲೇ ಇಟ್ಕೊಂಡಿದೀನಿ. ಮಾವ ಆ ದಿನ ಅದನ್ನು ಎರಡನೆಯ ಸಲ ಕೇಳಲಿಲ್ಲ.

ಶುಕ್ರವಾರ ಹನ್ನೊಂದಕ್ಕೆ ಸಭೆ ಸೇರಿತು. ಮನೆಯ ಸಾಲಿನಲ್ಲಿ ಇನ್ನೂ ಏನೂ ಬಂದಿರಲಿಲ್ಲ. ಹಿಮದ ಗ್ರಾಫು ಪರದೆಯ ಮೇಲೆ ಚೆಂದವಾಗಿ ಇಳಿದಿತ್ತು. ಒಬ್ಬೊಬ್ಬರೂ ತಮ್ಮ ವಿಭಾಗದ ಒಪ್ಪಿಗೆ ಹೇಳುತ್ತ ಬಂದರು. ಇಂಧನ, ಸರಿ. ಸಂಪರ್ಕ, ಸರಿ. ಹಿಮ ಎಂದು ಕೇಳಿ ಫರ್ನಾಂಡಿಸ್ ಸರ್ ನನ್ನ ಕಡೆ ನೋಡಿದರು.

"ಸರಿ ಇಲ್ಲ ಸರ್," ಎಂದೆ.

"ಮತ್ತೆ ದಕ್ಷಿಣ ಧ್ರುವದ ಮಾತಾ?"

"ಅಲ್ಲ ಸರ್. ಕೋಲಿಗೆ ಆಯುಧಪೂಜೆ ಮಾಡಿದಾರೆ. ಕುಂಕುಮ ಹಿಮದ ಮೇಲೆ ಬಿದ್ದು ಬುಡದಲ್ಲಿ ಕುಳಿಯಾಗಿದೆ. ನಾವು ಓದ್ತಾ ಇರೋದು ಹಿಮ ಅಲ್ಲ, ಕುಳಿ."

ಯಾರಾದರೂ ನಗುತ್ತಾರೆ ಎಂದು ಕಾದೆ. ಯಾರೂ ನಗಲಿಲ್ಲ. ಯಾಕೆಂದು ಆಮೇಲೆ ಹೊಳೆಯಿತು. ಆ ಕೋಣೆಯ ಪ್ರತಿ ಕಂಪ್ಯೂಟರಿನ ಮೂಲೆಯಲ್ಲೂ ಒಣಗಿದ ಕೆಂಪು ಬೊಟ್ಟಿತ್ತು. ಒಂದೂವರೆ ತಿಂಗಳ ಕೆಳಗೆ ನಾವೆಲ್ಲ ಸೇರಿ ಇಟ್ಟದ್ದು. ಆ ದಿನ ಫರ್ನಾಂಡಿಸ್ ಸರ್ ಕೂಡ ನಮ್ಮ ಜೊತೆ ಕೈಕಟ್ಟಿ ನಿಂತು ಪುರಿ ಬೆಲ್ಲ ತಿಂದಿದ್ದರು. ಈಗ ಅವರು ತಮ್ಮೆದುರಿನ ಪರದೆಯ ಬೊಟ್ಟನ್ನೇ ನೋಡುತ್ತಿದ್ದರು.

"ಅಳೆದು ನೋಡಿದ್ದಾರಾ?" ಎಂದರು.

"ಕೇಳಿದೀನಿ. ಉತ್ತರ ಬಂದಿಲ್ಲ. ಬರೋವರೆಗೆ ನಾನು ಸರಿ ಅನ್ನಲ್ಲ."

"ನಿಮ್ಮ ಅತ್ತೆಯವರ ನಾಲ್ಕು ಅಳತೆ ಸುಳ್ಳು ಅಂತ ನೀವು ದಾಖಲೆಯಲ್ಲಿ ಹೇಳ್ತಾ ಇದ್ದೀರಿ. ಗೊತ್ತುಂಟಲ್ಲ?"

"ಗೊತ್ತು ಸರ್."

ಅಷ್ಟರಲ್ಲಿ ಮುಖ್ಯ ಸಂಪರ್ಕದ ಕೆಂಪು ದೀಪ ಹತ್ತಿತು. ಅದು ಮನೆಯ ಸಾಲಲ್ಲ. ಇಡೀ ಕೇಂದ್ರಕ್ಕೆ ಕೇಳಿಸುವ, ಪ್ರತಿ ಅಕ್ಷರವೂ ಉಳಿಯುವ ಸಾಲು. ಅತ್ತೆಯ ದನಿ ಬಂತು, ಏದುಸಿರು ಇನ್ನೂ ನಿಂತಿರಲಿಲ್ಲ.

"ಉತ್ತರ ಠಾಣೆಯಿಂದ ಪುಟ್ಟತಾಯಮ್ಮ. ಇದು ಮನೆ ಮಾತಲ್ಲ, ಅದಕ್ಕೆ ಆ ಸಾಲಲ್ಲಿ ಉತ್ತರ ಕೊಡಲಿಲ್ಲ. ಒಂದೆರಡು ಕೋಲು ನೋಡಿ ಹೇಳೋದೂ ಸರಿ ಅಲ್ಲ ಅಂತ ಮೂವತ್ತಾರನ್ನೂ ಅಳೆದು ಬಂದೆ. ಕೋಲಿನ ಬುಡದಲ್ಲಿ ಸರಾಸರಿ ಹನ್ನೊಂದು ಸೆಂಟಿಮೀಟರ್ ಕುಳಿ ಇದೆ. ಅದರಲ್ಲಿ ಎರಡು ಮಾಮೂಲಿ. ಒಂಬತ್ತು ನಾನು ಹಾಕಿದ ಕುಂಕುಮದ್ದು. ಹಬ್ಬದ ನಂತರದ ನಾಲ್ಕು ಅಳತೆ ಬಿಟ್ಟುಬಿಡಿ. ಹೊಸ ಅಂಕಿ ಇದರ ಹಿಂದೆ ಬರ್ತಿದೆ. ಹಡಗನ್ನ ಈಗ ಇಳಿಸಬೇಡಿ. ಅದರಲ್ಲಿ ನನ್ನ ಮಗಳಿದಾಳೆ ಅಂತ ಹೇಳ್ತಿಲ್ಲ, ಒಂಬತ್ತು ಜನ ಇದಾರೆ. ಇಡಲು ಯಾರು ಹೇಳಿದ್ರು ಅಂತ ಯಾರೂ ಕೇಳಬೇಡಿ. ಇಟ್ಟ ಕೈ ನಂದು. ತಪ್ಪು ಹಿಡಿದೋರು ಚೆಲುವರಾಜ್. ಎರಡನ್ನೂ ಬರ್ಕೊಳ್ಳಿ."

ಫರ್ನಾಂಡಿಸ್ ಸರ್ ಬರೆದುಕೊಂಡರು. ಆದೇಶದ ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟರು. ನಾನು ಹೊರಗೆ ಬಂದು ಸ್ಕೂಟರ್ ನಿಲ್ಲಿಸಿದ್ದ ಹೊಂಗೆ ಮರದ ಕೆಳಗೆ ನಿಂತು ಅತ್ತುಬಿಟ್ಟೆ. ಅತ್ತೆಯ ಅಳತೆಯ ಮೇಲೆ ಅನುಮಾನಪಟ್ಟಿದ್ದೆನಲ್ಲ, ಅದಕ್ಕೆ.

ಹಡಗು ಇನ್ನೂ ನಲವತ್ತೊಂದು ದಿನ ಮೇಲೇ ಸುತ್ತಿತು. ಊಟ ಅಳತೆಯ ಮೇಲೆ ಕೊಡುತ್ತಿದ್ದರಂತೆ. ಶಿಂಷಾ ದಿನವೂ ಅಪ್ಪನನ್ನು ರೇಗಿಸುತ್ತಿದ್ದಳು, "ನಿಮ್ಮ ಕುಂಕುಮದ ದೆಸೆಯಿಂದ ನಾನು ತೆಳ್ಳಗಾದೆ ನೋಡಿ." ಮಾವ ನಗುತ್ತಿರಲಿಲ್ಲ. ಹೊಸ ಲೆಕ್ಕದ ಪ್ರಕಾರ ಹಡಗು ಇಳಿದ ದಿನ ನಾವಿಬ್ಬರೂ ಕೇಂದ್ರದಲ್ಲಿದ್ದೆವು. ಪ್ಯಾರಾಚೂಟು ಬಿಚ್ಚಿತು, ನೆಲ ಮುಟ್ಟುವ ಮೊದಲು ಇನ್ನೂ ಹನ್ನೆರಡು ಸೆಕೆಂಡು ಉಳಿದಿತ್ತು. ಮೊದಲು ಗೊತ್ತುಮಾಡಿದ್ದ ದಿನ ಬ್ಯಾರೋಮೀಟರ್ ತೋರಿಸಿದ ಗಾಳಿಯಲ್ಲಿ ಇಳಿದಿದ್ದರೆ ಏನಾಗುತ್ತಿತ್ತು ಎಂದು ಯಾರೋ ಲೆಕ್ಕ ಹಾಕಿ ನನಗೆ ತೋರಿಸಿದರು. ಆ ಹಾಳೆಯನ್ನು ಮಾವನಿಗೆ ತೋರಿಸಲಿಲ್ಲ. ಅವರು ಕೇಳಲೂ ಇಲ್ಲ.

ಅಲ್ಲಿ ತಾಯಿ ಮಗಳು ಒಟ್ಟಿಗೆ ಕೆಲಸಕ್ಕೆ ಹೋಗತೊಡಗಿದರು. ಕೈಪಿಡಿಗೆ ಎರಡು ಸಾಲು ಸೇರಿತು: ಹಿಮವನ್ನು ಕೋಲಿನಿಂದ ಒಂದು ಮಾರು ದೂರದಲ್ಲೂ ಅಳೆಯಬೇಕು, ಕೋಲಿಗೆ ಯಾವುದೇ ವಸ್ತುವನ್ನು ಹಚ್ಚಕೂಡದು. ಇಲ್ಲಿ ಮಾವ ಮಾತು ಕಡಿಮೆ ಮಾಡಿದರು. ದೇವರ ಗೂಡಿನ ಕುಂಕುಮದ ಬಟ್ಟಲನ್ನು ಮುಟ್ಟುವುದು ಬಿಟ್ಟರು. ಸ್ಕೂಟರಿನ ದೀಪದ ಮೇಲಿದ್ದ ಹಳೆಯ ಬೊಟ್ಟನ್ನು ಒಂದು ದಿನ ಒದ್ದೆ ಬಟ್ಟೆಯಿಂದ ತಿಕ್ಕಿ ತೆಗೆಯುತ್ತಿದ್ದುದನ್ನು ಕಂಡೆ. ಅತ್ತೆ ಎಷ್ಟು ಸಲ ಮಾತಾಡಿದರೂ ಒಮ್ಮೆಯೂ ಬೈಯಲಿಲ್ಲ. ಮಾವ ಮಾತ್ರ, "ಅವ್ಳು ಬೈದಿದ್ರೆ ವಾಸಿ ಇತ್ತು ಅಳಿಯಂದ್ರೆ," ಎನ್ನುತ್ತಿದ್ದರು.

ಮತ್ತೆ ಆಯುಧಪೂಜೆ ಬಂತು. ಬೀದಿಯಲ್ಲಿ ಬೆಳಿಗ್ಗೆಯಿಂದಲೇ ಗಾಡಿ ತೊಳೆಯುವ ಸದ್ದು. ಬಾಳೆಕಂದು ಮಾರುವವನು ನಮ್ಮ ಬಾಗಿಲಿಗೂ ಬಂದು ಕೇಳಿದ. ಮಾವ ಬೇಡವೆಂದರು. ಡಿಪೊದಲ್ಲಿ ಮೂವತ್ತೆರಡು ವರ್ಷ ಇಡೀ ಬಸ್ಸುಗಳ ಸಾಲಿಗೆ ಬೂದುಗುಂಬಳ ಒಡೆದ ಮನುಷ್ಯ, ಜಗಲಿಯ ಮೇಲೆ ಪೇಪರು ಹಿಡಿದು ಕೂತಿದ್ದರು.

ಹತ್ತು ಗಂಟೆಯ ಹೊತ್ತಿಗೆ ಮನೆಯ ಸಾಲಿನಲ್ಲಿ ಒಂದು ಚಿತ್ರ ಬಂತು. ಅಲ್ಲೀಗ ಹಿಮ ಬೀಳುವ ಮುಂಚಿನ ಕಾಲ, ಸೂರ್ಯ ಹೊರಡುವ ಹೊತ್ತು. ಕೆಂಪು ನೆಲದಲ್ಲಿ ಒಂದು ಬಿಳಿ ಕೋಲು ಒಂಟಿಯಾಗಿ ನಿಂತಿದೆ. ಅದರ ಮೇಲೆ ಸೆಂಟಿಮೀಟರಿನ ಗೆರೆಗಳಿಲ್ಲ, ಮೂವತ್ತೇಳು ಎಂಬ ಸಂಖ್ಯೆ ಮಾತ್ರ. ಬುಡದಿಂದ ತಲೆಯವರೆಗೂ ಧಾರಾಳವಾಗಿ ಕುಂಕುಮ. ಪಕ್ಕದಲ್ಲಿ ಎರಡು ಉಡುಪುಗಳಲ್ಲಿ ಇಬ್ಬರು, ಯಾರು ತಾಯಿ ಯಾರು ಮಗಳು ಎಂದು ಗುರುತು ಸಿಗುವುದಿಲ್ಲ. ಹಿಂದೆಯೇ ಅತ್ತೆಯ ದನಿ.

"ಅಳಿಯಂದ್ರೆ, ನಿಮ್ಮ ಮಾವನಿಗೆ ತೋರಿಸಿ. ಸಾಲಿಂದ ಎರಡು ಕಿಲೋಮೀಟರ್ ದೂರದಲ್ಲಿ ನೆಟ್ಟಿದೀವಿ. ಇದನ್ನ ಯಾರೂ ಓದಲ್ಲ. ಇದು ಅವರ ಕೋಲು. ಅವರು ಕಟ್ಟಿಕೊಟ್ಟ ಅರ್ಧ ಕೆಜೀಲೇ ಇಟ್ಟಿದೀನಿ, ಇನ್ನೂ ಮಿಕ್ಕದೆ. ನಾನು ಬರೋ ಹೊತ್ತಿಗೆ ಟೂಲ್ ಬಾಕ್ಸ್ ತುಕ್ಕು ಹಿಡಿಸಿರಬೇಡಿ ಅಂತ ಹೇಳಿ."

ಮಾವ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ದನಿಯನ್ನು ಎರಡನೆಯ ಸಲ ಹಾಕಿಸಿ ಕೇಳಿದರು. ಆಮೇಲೆ ಎದ್ದು ಒಳಗೆ ಹೋಗಿ ಮಂಚದ ಕೆಳಗಿನಿಂದ ಟೂಲ್ ಬಾಕ್ಸ್ ಎಳೆದು ತಂದು, ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ, ಚಿಕ್ಕದರಿಂದ ದೊಡ್ಡದಕ್ಕೆ ಜಗಲಿಯ ಮೇಲೆ ಸಾಲಾಗಿ ಜೋಡಿಸಿದರು.

"ಅಳಿಯಂದ್ರೆ," ಎಂದರು ತಲೆಯೆತ್ತದೆ, "ಒಸಿ ಆ ಕುಂಕುಮದ ಬಟ್ಟಲು ತಂದ್ಕೊಡಿ."

ನಾನು ಒಳಗೆ ಹೋಗಿ ತಂದುಕೊಟ್ಟೆ.